ಮೇಕೆ ಮಾವನ ಚಿಲಕ

ನಮ್ಮ ಫೋರಮ್ಮಿನಲ್ಲಿ ನನ್ನನ್ನು ಕತ್ತರಿ ಎನ್ನುತ್ತಾರೆ. ಎದುರಿಗೆ ಕತ್ತರಿ ಮೇಡಂ, ಹಿಂದಿನಿಂದ ಬರೀ ಕತ್ತರಿ. ಅದಕ್ಕೆ ನನಗೇನೂ ಬೇಸರವಿಲ್ಲ. ನೆಟ್‌ವರ್ಕ್ ನಡೆಸುವವರು ಒಬ್ಬರಿಗೊಬ್ಬರು ಕೆಲಸದ ಸುದ್ದಿ ಹೇಳಿಕೊಳ್ಳುವ ಜಾಗ ಅದು. ಎಲ್ಲೋ ಕೇಬಲ್ ತುಂಡಾಯಿತು, ಯಾರದೋ ಟ್ರಾಫಿಕ್ ದಾರಿ ತಪ್ಪಿ ಇನ್ಯಾರದೋ ಬಾಗಿಲಿಗೆ ಹೋಗುತ್ತಿದೆ, ಇಂಥ ಕಂಪನಿಯಲ್ಲಿ ಫೋನ್ ಎತ್ತುವ ಪುಣ್ಯಾತ್ಮರು ಯಾರಾದರೂ ಇದ್ದಾರಾ, ಇಂಥವು. ಸಾವಿರಾರು ಜನ ಕೈಯಲ್ಲಿ ಕೆಲಸ ಇಟ್ಟುಕೊಂಡೇ ಅದನ್ನು ಓದುತ್ತಾರೆ. ಅವರ ತಲೆ ತಿನ್ನುವಂಥದ್ದು ಒಳಗೆ ಬರದ ಹಾಗೆ ಬಾಗಿಲು ಕಾಯುವುದು ನನ್ನ ಚಾಕರಿ, ಅದೂ ಸಂಬಳವಿಲ್ಲದ್ದು. ರಾಜಕೀಯ ಬಂದರೆ ಕತ್ತರಿ. ಮಾರಾಟದ ಮಾತು ಬಂದರೆ ಕತ್ತರಿ. ನಮ್ಮ ಮನೆ ವೈಫೈ ಬರುತ್ತಿಲ್ಲ ಎಂದು ಯಾರಾದರೂ ಗೋಳು ತೋಡಿಕೊಂಡರೆ ಕತ್ತರಿಸಿ, ಮೇಲೆ ಒಂದು ಮಾತು ಬೈದು ಕಳಿಸುತ್ತೇನೆ. ಮನೆಯಲ್ಲೂ ಇವಳದು ಇದೇ ಪಾಡು ಎಂದು ನಮ್ಮ ಅತ್ತೆಯ ದೂರು. ಅವರು ತಂಗಿಯ ಸೊಸೆಯ ಸುದ್ದಿ ಎತ್ತಿದರೆ ಸಾಕು, ನನ್ನ ಮುಖ ಗಂಟಾಗುತ್ತದಂತೆ.

ಫೋರಮ್ಮಿನ ನಿಯಮಗಳಲ್ಲಿ ಮೊದಲ ಸಾಲು ನಾನೇ ಬರೆದದ್ದು: ಬೇರೆಯವರ ನೆಟ್‌ವರ್ಕಿನಿಂದ ಕಾಣುವುದಷ್ಟೇ ಇಲ್ಲಿಯ ವಿಷಯ. ನಿನ್ನ ಮನೆಯೊಳಗೆ ಬಲ್ಬು ಸುಟ್ಟರೆ ಅದು ನಿನ್ನ ಪಾಡು, ಅದರಿಂದ ಬೀದಿ ಕತ್ತಲಾದರೆ ಮಾತ್ರ ಬಂದು ಹೇಳು, ಅಷ್ಟೇ ಅದರ ಅರ್ಥ. ಈ ಸಾಲಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಸಾಲಿಗೆ ಮೇಕೆ ಮಾವ ಎಂಬುವರು ಎಂದೂ ಬಗ್ಗಿದವರಲ್ಲ. ಒಂದು ಗುಡ್ಡದ ಸುತ್ತಲಿನ ಐದಾರು ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಒಂಟಿ ಆಳಿನ ನೆಟ್‌ವರ್ಕ್ ಅವರದು. ಮಾಲೀಕ, ಕಂಬ ಹತ್ತುವವ, ಫೋನ್ ಎತ್ತುವವ ಎಲ್ಲಾ ಅವರೇ. ತಮ್ಮ ಕೇಬಲನ್ನು ಮೇಕೆ ಅಗಿದ ಕಥೆಯನ್ನು ಒಂದು ಸಲ ಉದ್ದಕ್ಕೆ ಬರೆದು ಆ ಹೆಸರು ಸಂಪಾದಿಸಿದ್ದರು. ಆಮೇಲೆ ಆ ಮೇಕೆ ಮರಿ ಹಾಕಿದ್ದು, ತಮ್ಮ ಮಂಡಿ ನೋವು, ಕಂಬದ ಮೇಲೆ ಕೂತರೆ ಕಾಣುವ ಮೋಡ, ಹೀಗೆ ಅವರ ಪುರಾಣಕ್ಕೆ ಕೊನೆಯೇ ಇರಲಿಲ್ಲ. ಎರಡು ಸಲ ಎಚ್ಚರಿಕೆ ಕೊಟ್ಟೆ. ಕೇಳದಿದ್ದಾಗ ಅವರ ಖಾತೆಯನ್ನು ತಡೆಗೆ ಹಾಕಿದೆ. ಅಂದರೆ ಅವರು ಏನೇ ಬರೆದರೂ ಮೊದಲು ನನ್ನ ಮುಂದೆ ಬಂದು ನಿಲ್ಲಬೇಕು, ನಾನು ಬಿಟ್ಟರೆ ಮಾತ್ರ ಉಳಿದವರಿಗೆ ಕಾಣುತ್ತದೆ.

ಹೋದ ವಾರ ಬಂದದ್ದನ್ನೂ ಕತ್ತರಿಸಿದ್ದೆ. ಗುಡ್ಡದ ತುದಿಯಲ್ಲಿ ಯಂತ್ರಗಳನ್ನಿಟ್ಟ ಕಬ್ಬಿಣದ ಕಂಟೇನರಿನಲ್ಲಿ ಫ್ಯಾನ್ ಸತ್ತಿದೆ, ಬ್ಯಾಟರಿ ಕಾದು ಒಳಗೆ ಒಲೆ ಆಗಿದೆ, ಯಾರ ಹತ್ತಿರವಾದರೂ ಹಳೆ ಫ್ಯಾನ್ ಇದೆಯಾ ಎಂದು ಶುರು ಮಾಡಿದ್ದರು. ಆಮೇಲೆ ಬಾಗಿಲಿನ ಹೊರಗಿನ ಚಿಲಕ ಸಡಿಲವಾಗಿದೆ, ಗಾಳಿಗೆ ಬಾಗಿಲು ಬಡಿದರೆ ತಾನಾಗೇ ಬಿದ್ದು ಹಾಕಿಕೊಳ್ಳುತ್ತದೆ, ಮೊನ್ನೆ ಮೇಕೆ ಒಳಗೆ ಸಿಕ್ಕಿಹಾಕಿಕೊಂಡು ರಂಪ ಮಾಡಿತು ಎಂದು ಎರಡು ಪ್ಯಾರಾ. ನಾನು ಓದಿ, ಹಲ್ಲು ಕಡಿದು, ಗುಂಡಿ ಒತ್ತಿದೆ. ಅವರು ನನಗೊಬ್ಬಳಿಗೇ ಒಂದು ಸಾಲು ಕಳಿಸಿದ್ದರು, ಹಾಗಾದರೆ ನಮ್ಮಂಥವರು ಎಲ್ಲಿ ಮಾತಾಡೋಣ ಕತ್ತರಿಯಮ್ಮ ಎಂದು. ಬೇರೆಯವರ ನೆಟ್‌ವರ್ಕಿನಿಂದ ಕಾಣುವಂಥದ್ದು ಏನಾದರೂ ಇದ್ದರೆ ಬರೆಯಿರಿ, ಖಂಡಿತ ಬಿಡುತ್ತೇನೆ ಎಂದು ಉತ್ತರ ಕೊಟ್ಟು ಸುಮ್ಮನಾದೆ.

ಇನ್ನು ಆ ಮಧ್ಯಾಹ್ನದ ಮಾತು. ನಾನು ಕೆಲಸ ಮಾಡುವುದು ಒಂದು ದೊಡ್ಡ ಕಂಪನಿಯ ಕಂಟ್ರೋಲ್ ರೂಮಿನಲ್ಲಿ. ಕಿಟಕಿಯಿಲ್ಲ, ಎಸಿ ಚಳಿಗೆ ಎಲ್ಲರೂ ಶಾಲು ಹೊದ್ದು ಕೂತಿರುತ್ತೇವೆ, ಗೋಡೆ ತುಂಬ ಪರದೆಗಳು. ಊಟದ ಡಬ್ಬಿ ಮುಚ್ಚಳ ತೆಗೆಯುವಷ್ಟರಲ್ಲಿ ಫೋರಮ್ಮಿನಲ್ಲಿ ದೂರುಗಳು ಶುರುವಾಗಿದ್ದವು. ಆ ಗುಡ್ಡದ ನೆಟ್‌ವರ್ಕ್ ಬೆಳಗಿನಿಂದ ಹೋಗುತ್ತಿದೆ, ಬರುತ್ತಿದೆ, ಮತ್ತೆ ಹೋಗುತ್ತಿದೆ, ಅವರಿಗೆ ಯಾರಾದರೂ ಬುದ್ಧಿ ಹೇಳಿ ಎಂದು ಒಬ್ಬರು. ನಾವಂತೂ ಕಿವಿ ಮುಚ್ಚಿದೆವು ಎಂದು ಇನ್ನೊಬ್ಬರು.

ಈ ಕಿವಿ ಮುಚ್ಚುವುದು ಏನೆಂದು ಹೇಳಿಬಿಡುತ್ತೇನೆ. ಪ್ರತಿಯೊಂದು ನೆಟ್‌ವರ್ಕೂ ನಾನು ಇಲ್ಲಿದ್ದೇನೆ, ನನ್ನ ಹತ್ತಿರ ಬರುವ ದಾರಿ ಇದು ಎಂದು ಪಕ್ಕದವರಿಗೆ ಕೂಗಿ ಹೇಳುತ್ತಿರಬೇಕು. ಅದು ಬಾಯಿಂದ ಬಾಯಿಗೆ ಜಗತ್ತಿಗೆಲ್ಲ ಹಬ್ಬುತ್ತದೆ. ಲಿಂಕ್ ಬಿದ್ದರೆ ಆ ದಾರಿಯ ಕೂಗು ನಿಲ್ಲುತ್ತದೆ, ಎದ್ದರೆ ಮತ್ತೆ ಕೂಗು. ಒಬ್ಬ ದಿನವಿಡೀ ಇದ್ದೇನೆ, ಇಲ್ಲ, ಇದ್ದೇನೆ, ಇಲ್ಲ ಎನ್ನುತ್ತಿದ್ದರೆ ಎಲ್ಲರ ಯಂತ್ರಗಳೂ ದಾರಿ ಲೆಕ್ಕ ಹಾಕಿ ಹಾಕಿ ಸುಸ್ತಾಗುತ್ತವೆ. ಆಗ ದೊಡ್ಡವರು ಅವನ ಕೂಗನ್ನು ಸ್ವಲ್ಪ ಹೊತ್ತು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ತಪ್ಪೇನಿಲ್ಲ, ಪದ್ಧತಿ.

ನನಗೂ ಸಿಟ್ಟು ಬಂತು. ಕಂಟೇನರಿನಲ್ಲಿ ಕೂತು ಅದೇನು ಕೆದಕುತ್ತಿದ್ದಾರೋ ಮಹಾರಾಯರು ಎಂದುಕೊಂಡೆ. ಅಷ್ಟರಲ್ಲಿ ಅವರ ಖಾತೆಯಿಂದಲೇ ಒಂದು ಬರಹ ತಡೆಗೆ ಬಂದು ನಿಂತಿತು. ಬರೆದದ್ದು ಅವರಲ್ಲ, ಅವರ ಮಗಳು. ಅಪ್ಪ ಬೆಳಗ್ಗೆ ಗುಡ್ಡಕ್ಕೆ ಹೋದವರು ಊಟಕ್ಕೆ ಬಂದಿಲ್ಲ, ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ, ಯಾರಾದರೂ ಅವರ ಹತ್ತಿರ ಮಾತಾಡಿದ್ದೀರಾ ಎಂದು ಕೇಳಿದ್ದಳು.

ಕೈ ರೂಢಿಯಂತೆ ಹೋಯಿತು. ಇಂಥವಕ್ಕೆಲ್ಲ ಒಂದೇ ಗುಂಡಿಯ ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ: ನಿಮ್ಮ ಬರಹ ಫೋರಮ್ಮಿನ ವಿಷಯಕ್ಕೆ ಸಂಬಂಧಿಸಿಲ್ಲ, ಸಹಕಾರಕ್ಕೆ ಧನ್ಯವಾದ. ಒತ್ತಿದೆ, ಊಟಕ್ಕೆ ಕೈ ಹಾಕಿದೆ. ಎರಡು ತುತ್ತು ಇಳಿದಿರಲಿಲ್ಲ, ಅವಳ ಮರುಉತ್ತರ ಬಂತು, ಕೆಳಗೆ ಫೋನ್ ನಂಬರ್ ಹಾಕಿ.

“ಸಾರಿ ಅಕ್ಕ. ಹಾಗಾದ್ರೆ ಇದನ್ನ ಎಲ್ಲಿ ಕೇಳ್ಬೇಕು ಅಂತ ಹೇಳಿ, ಅಲ್ಲಿ ಕೇಳ್ತೀನಿ.”

ಜಗಳಕ್ಕೆ ಬಂದಿದ್ದರೆ ನಾನೂ ಬಿಡುತ್ತಿರಲಿಲ್ಲ. ಆ ಸಾರಿ ಇದೆಯಲ್ಲ, ಅದು ಚುಚ್ಚಿತು. ಕೈ ಒರೆಸಿಕೊಂಡು ಫೋನ್ ಹಚ್ಚಿದೆ. ಹುಡುಗಿಯ ದನಿ ಗಟ್ಟಿಯಾಗೇ ಇತ್ತು, ಆದರೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಅಪ್ಪ ಯಾವತ್ತೂ ಊಟ ತಪ್ಪಿಸುವವರಲ್ಲವಂತೆ. ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲೇ ಇಡುತ್ತಾರಂತೆ, ಒಂದು ಸಲ ಕಂಬದ ಮೇಲಿಂದ ಬಿದ್ದು ಒಡೆದದ್ದಕ್ಕೆ. ಸ್ಕೂಟರ್ ಅವರ ಹತ್ತಿರವೇ ಇದೆ, ಪಕ್ಕದ ಮನೆಯವರ ಗಾಡಿ ಸಂತೆಗೆ ಹೋಗಿದೆ. ಇಂಟರ್ನೆಟ್ ಹೋಗಿಬಂದು ಮಾಡುತ್ತಿದೆಯಲ್ಲ, ಮೇಲೆ ರಿಪೇರಿ ನಡೆದಿರಬೇಕು ಎಂದೆ ನಾನು, ಸಮಾಧಾನಕ್ಕೆ.

“ಇಲ್ವಲ್ಲ ಅಕ್ಕ, ಇಲ್ಲಿ ನೆಟ್ ಒಂದು ಸಲಾನೂ ಹೋಗಿಲ್ಲ. ಬೆಳಗ್ಗೆಯಿಂದ ಚೆನ್ನಾಗೇ ಇದೆ.”

ಫೋನ್ ಕಿವಿಯಲ್ಲೇ ಇತ್ತು. ಹೊರಗೆ ಇಡೀ ಊರು ಆ ನೆಟ್‌ವರ್ಕ್ ಬಿದ್ದು ಬಿದ್ದು ಏಳುತ್ತಿದೆ ಎಂದು ಬಾಯಿ ಬಡಿದುಕೊಳ್ಳುತ್ತಿದೆ, ಒಳಗಿದ್ದವರಿಗೆ ಅದರ ಸುಳಿವೇ ಇಲ್ಲ. ಇದು ಹೇಗೆ ಎಂದು ಅವರ ಲಿಂಕುಗಳ ಏಳುಬೀಳು ತೋರಿಸುವ ಗ್ರಾಫನ್ನು ತೆರೆದು ಅಗಲ ಮಾಡಿ ನೋಡಿದೆ. ಗುಡ್ಡದಿಂದ ಹೊರಕ್ಕೆ ಎರಡು ಲಿಂಕ್, ಒಂದು ಬಿದ್ದರೂ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ, ಪರದೆಯ ಮೇಲೆ ಒಂದು ಎಡಕ್ಕೆ, ಒಂದು ಬಲಕ್ಕೆ. ಎಡದ್ದು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಏಳುತ್ತದೆ. ಅದು ಎದ್ದು ನಿಂತ ಮೇಲೆಯೇ ಬಲದ್ದು ಬೀಳುತ್ತದೆ. ಅದು ಎದ್ದ ಮೇಲೆ ಮತ್ತೆ ಎಡದ್ದು. ಬೆಳಗಿನಿಂದ ಹೀಗೇ. ಎರಡೂ ಒಟ್ಟಿಗೆ ಒಮ್ಮೆಯೂ ಬಿದ್ದಿಲ್ಲ.

ಕೆಟ್ಟ ಯಂತ್ರಕ್ಕೆ ಇಷ್ಟು ಮರ್ಯಾದೆ ಇರುವುದಿಲ್ಲ. ಕರೆಂಟ್ ಹೋದರೆ ಎರಡೂ ಹೋಗುತ್ತವೆ, ತುಕ್ಕು ಹಿಡಿದಿದ್ದರೆ ಒಂದೇ ಹೋಗುತ್ತದೆ. ಇದು ಯಾರೋ ಕೈಯಿಂದ ಕೇಬಲ್ ಕೀಳುತ್ತಿದ್ದಾರೆ, ಕಾದು, ಮತ್ತೆ ಚುಚ್ಚುತ್ತಿದ್ದಾರೆ, ಕೆಳಗಿನವರಿಗೆ ಒಂದು ಗಳಿಗೆಯೂ ಇಂಟರ್ನೆಟ್ ತಪ್ಪದ ಹಾಗೆ ಎಚ್ಚರ ವಹಿಸಿ. ರಿಪೇರಿ ಮಾಡುವವರು ಹೀಗೆ ಮಾಡುವುದಿಲ್ಲ. ಹೀಗೆ ಮಾಡಿದರೆ ಆಗುವುದು ಒಂದೇ, ಅದು ಬೇರೆಯವರ ನೆಟ್‌ವರ್ಕಿನಿಂದ ಕಾಣುತ್ತದೆ.

ಚಿಲಕ ನೆನಪಾಯಿತು. ಗಾಳಿಗೆ ಬಡಿದರೆ ತಾನಾಗೇ ಬೀಳುವ ಚಿಲಕ, ಸತ್ತ ಫ್ಯಾನು, ಕಾದ ಬ್ಯಾಟರಿ. ಆ ಬರಹವನ್ನು ಓದಿದವಳು ನಾನೊಬ್ಬಳೇ, ನಾನೇ ಅದನ್ನು ಬೇರೆ ಯಾರೂ ಓದದ ಹಾಗೆ ಮಾಡಿದ್ದೆ.

ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಅಪ್ಪ ಕಂಟೇನರಿನಲ್ಲಿ ಸಿಕ್ಕಿಹಾಕಿಕೊಂಡಿರಬಹುದು, ಆದರೆ ಜೀವಂತ ಇದ್ದಾರೆ, ನನಗೆ ಕಾಣುತ್ತಿದೆ ಎಂದು. ಅವಳು ಅಳಲಿಲ್ಲ. ನಾನು ನಡೆದೇ ಹೋಗ್ತೀನಿ ಎಂದಳು. ಕಾಲುದಾರಿಯಲ್ಲಿ ಏರಿದರೆ ಸಂಜೆಯಾಗುತ್ತದಂತೆ, ದಾರಿಯಲ್ಲಿ ಸಿಗ್ನಲ್ಲೂ ಇಲ್ಲವಂತೆ. ಬೇಡ ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ತಿರುಗಿ ನೋಡಿದರೆ ನಮ್ಮ ಸಾಹೇಬರು ಹಿಂದೆ ನಿಂತಿದ್ದಾರೆ. ಈ ರೂಮಿನ ಯಜಮಾನರು ಅವರು. ಆ ಗುಡ್ಡದವನ ಕಾಟ ಸಾಕು, ನಾವೂ ಕಿವಿ ಮುಚ್ಚೋಣ ಎಂದು ಆಗಲೇ ಪಕ್ಕದವನಿಗೆ ಹೇಳಿ ಬಂದಿದ್ದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮದು ದೊಡ್ಡ ಕಂಪನಿ, ನಾವು ಕಿವಿ ಮುಚ್ಚಿದರೆ ನಮ್ಮ ಬೆನ್ನಿಗೆ ಇರುವ ಅರ್ಧ ಜಗತ್ತಿಗೆ ಆ ಕೂಗು ಕೇಳಿಸುವುದಿಲ್ಲ, ನನಗೂ ಕೇಳಿಸುವುದಿಲ್ಲ. ಆಮೇಲೆ ಒಳಗಿದ್ದ ಮನುಷ್ಯ ಕೇಬಲ್ ಕೀಳುತ್ತಿದ್ದಾನೋ ಬಿದ್ದಿದ್ದಾನೋ ತಿಳಿಯುವುದು ಹೇಗೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಅವರಿಗೆ ಅರ್ಧ ಅರ್ಥವಾಗಿರಲಿಕ್ಕಿಲ್ಲ. ಅವರು ನನ್ನ ಮುಖ ನೋಡಿದರು, ಗ್ರಾಫ್ ನೋಡಿದರು. ಬಾಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಎಡ, ಬಲ, ಎಡ. ಆಮೇಲೆ ಪಕ್ಕದವನಿಗೆ ಬೇಡ, ಮುಟ್ಟಬೇಡ ಎಂದು ಕೂಗಿ, ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಪೊಲೀಸರಿಗೆ ಫೋನ್ ಹಚ್ಚಿ ಕೂತರು. ಗುಡ್ಡದ ಕೆಳಗಿನ ಠಾಣೆಯ ಗಾಡಿ ಬೇರೆ ಕಡೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದು ಅಲ್ಲಿಂದ ಉತ್ತರ ಬಂತು.

ನಾನು ಫೋರಮ್ಮಿಗೆ ಬರೆದೆ. ಗುಡ್ಡದ ನೆಟ್‌ವರ್ಕಿಗೆ ಯಾರೂ ಕಿವಿ ಮುಚ್ಚಬೇಡಿ, ಮುಚ್ಚಿದ್ದರೆ ತೆಗೆಯಿರಿ, ಒಳಗೆ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ, ಲಿಂಕ್ ಎಳೆಯುತ್ತಿರುವುದು ಅವನ ಕೈ, ಆ ಗುಡ್ಡದ ಹತ್ತಿರ ಯಾರ ಕೆಲಸಗಾರರಾದರೂ ಇದ್ದರೆ ದಯವಿಟ್ಟು ಕಳಿಸಿ. ಬರೆದು ಬಿಟ್ಟು, ಒಂದು ಗುಟುಕು ನೀರು ಕುಡಿದು ನೋಡಿದರೆ ನನ್ನ ಬರಹವೇ ಮಾಯ.

ಫೋರಮ್ಮಿಗೆ ಬಾಗಿಲು ಕಾಯುವವರು ಇಬ್ಬರು. ಇನ್ನೊಬ್ಬರು ಮೇಷ್ಟ್ರು, ನಿವೃತ್ತ ಪ್ರೊಫೆಸರು, ನಿಯಮ ಎಂದರೆ ನನಗಿಂತ ಒಂದು ಕೈ ಮೇಲು. ಅವರೇ ಮರೆ ಮಾಡಿದ್ದರು. ಫೋನ್ ಮಾಡಿದೆ. ಮನುಷ್ಯ ಕಾಣೆಯಾದರೆ ಪೊಲೀಸರಿಗೆ ಹೇಳಬೇಕು, ಇವತ್ತು ಇದನ್ನು ಬಿಟ್ಟರೆ ನಾಳೆ ಪ್ರತಿಯೊಬ್ಬರೂ ಮನೆಯವರನ್ನು ಹುಡುಕಿಕೊಡಿ ಎಂದು ಬರುತ್ತಾರೆ, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಅವರು ಸಾವಧಾನವಾಗಿ ವಿವರಿಸತೊಡಗಿದರು. ಅದೇ ಮಾತನ್ನು ಅದೇ ದನಿಯಲ್ಲಿ ನಾನು ಎಷ್ಟು ಜನಕ್ಕೆ ಹೇಳಿದ್ದೆನೋ. ಪರದೆಯ ಮೇಲೆ ಬಲದ ಲಿಂಕ್ ಬಿತ್ತು. ಮೊದಲೆಲ್ಲ ಬೇಗ ಏಳುತ್ತಿತ್ತು, ಈಗ ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು.

“ಮೇಷ್ಟ್ರೇ, ನಿಯಮದ ಮೊದಲ್ನೇ ಸಾಲು ಓದಿ.”

ಅವರು ಓದಿದರು, ಬಾಯಿಬಿಟ್ಟೇ ಓದಿದರು.

“ಈಗ ಗ್ರಾಫ್ ನೋಡಿ. ಅದು ಬೇರೆಯವರ ನೆಟ್‌ವರ್ಕಿಂದ ಕಾಣ್ತಾ ಇದೆಯೋ ಇಲ್ವೋ, ಅಷ್ಟು ಹೇಳಿ ಸಾಕು.”

ಆ ಕಡೆ ಮೌಸ್ ಕಟಕಟ ಎನ್ನುವುದು ಕೇಳಿಸಿತು. ಆಮೇಲೆ ಅದೂ ನಿಂತಿತು. ಮೇಷ್ಟ್ರು ಒಂದು ಸಲ ಕೆಮ್ಮಿದರು, ಕಾಣುತ್ತಿದೆ ಎಂದರು, ಫೋನ್ ಇಟ್ಟರು. ನನ್ನ ಬರಹ ವಾಪಸು ಬಂತು, ಫೋರಮ್ಮಿನ ನೆತ್ತಿಯ ಮೇಲೆ, ಯಾರೂ ನೋಡದೆ ಮುಂದೆ ಹೋಗಲಾಗದ ಜಾಗದಲ್ಲಿ.

ಕಿವಿ ಮುಚ್ಚಿದ್ದವರು ಒಬ್ಬೊಬ್ಬರಾಗಿ ತೆಗೆದೆವು ಎಂದು ಬರೆದರು. ಕಳಿಸಲು ಕೆಲಸಗಾರರು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಬಲದ್ದು ಎದ್ದಿತು. ಎಡದ್ದು ಬಿತ್ತು. ನಾವು ಕಾದೆವು. ರೂಮಿನಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಎಡದ್ದು ಏಳಲಿಲ್ಲ. ಇಷ್ಟು ಹೊತ್ತಿಗೆ ಏಳಬೇಕಿತ್ತು ಎಂದು ಯಾರೋ ಅಂದರು. ಸಾಹೇಬರು ಅವನನ್ನು ದುರುಗುಟ್ಟಿ ನೋಡಿದರು. ಬಲದ ಗೆರೆ ಒಂದೇ ನೆಟ್ಟಗೆ ಮುಂದೆ ಹೋಗುತ್ತಿತ್ತು. ಎಡದ್ದು ಬಿದ್ದೇ ಇತ್ತು. ಕೇಬಲ್ ಕಿತ್ತ ಕೈ ಅದನ್ನು ಮತ್ತೆ ಚುಚ್ಚಿರಲಿಲ್ಲ.

ಆಗ ಒಬ್ಬಾಕೆಯ ಬರಹ ಬಂತು. ಆಕೆ ಎಷ್ಟೋ ವರ್ಷದಿಂದ ಸದಸ್ಯೆ, ಇದುವರೆಗೆ ಒಂದಕ್ಷರ ಬರೆದವಳಲ್ಲ. ನಮ್ಮ ಟವರಿನವರು ಪಕ್ಕದ ಗುಡ್ಡದಲ್ಲಿ ಟವರಿನ ತುದಿಯ ಕೆಂಪು ದೀಪ ಬದಲಿಸುತ್ತಿದ್ದಾರೆ, ಜೀಪ್ ಇದೆ, ಹೊರಟಿದ್ದಾರೆ, ಇಷ್ಟೇ ಇತ್ತು. ಹೊರಗಿನ ಚಿಲಕ ಎತ್ತಿದರೆ ಬಾಗಿಲು ತೆಗೆಯುತ್ತದೆ, ಬೀಗ ಇರಲಿಕ್ಕಿಲ್ಲ ಎಂದು ನಾನು ಬರೆದೆ. ಅವಸರಕ್ಕೆ ಅಕ್ಷರಗಳೆಲ್ಲ ತಪ್ಪಿದ್ದವು. ಯಾರೂ ತಿದ್ದಲಿಲ್ಲ.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ನನ್ನ ಡಬ್ಬಿಯ ಅನ್ನ ಒಣಗುತ್ತಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸುವುದು, ಹಾಕಿಕೊಳ್ಳುವುದು, ಮತ್ತೆ ತೆಗೆಯುವುದು. ಹುಡುಗಿಗೆ ಫೋನ್ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಅವಳು ಆ ಕಾಲುದಾರಿಯಲ್ಲಿ ಏದುಸಿರು ಬಿಡುತ್ತ ಹತ್ತುತ್ತಿರುವುದು ನೆನೆಸಿಕೊಂಡರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳ ಅಪ್ಪ ಬದುಕಿದ್ದಾರೆ, ನನಗೆ ಕಾಣುತ್ತಿದೆ ಎಂದು ಧೈರ್ಯ ಹೇಳಿದವಳು ನಾನು. ಈಗ ನನಗೆ ಏನೂ ಕಾಣುತ್ತಿರಲಿಲ್ಲ.

ಎಡದ ಲಿಂಕ್ ಎದ್ದಿತು.

ಇನ್ನೇನು ಬಲದ್ದು ಬೀಳುತ್ತದೆ ಎಂದು ಎಲ್ಲರೂ ಬಿಟ್ಟ ಕಣ್ಣು ಮುಚ್ಚದೆ ನೋಡಿದೆವು. ಬೀಳಲಿಲ್ಲ. ಎರಡು ಗೆರೆಗಳೂ ಅಕ್ಕಪಕ್ಕ ನಿಂತು ಮುಂದೆ ಹೋದವು, ಬೆಳಗಿನಿಂದ ಮೊದಲ ಸಲ. ಅದಾದ ಮೇಲೆ ಜೀಪ್ ಕಳಿಸಿದಾಕೆಯ ಬರಹ ಬಂತು: ಬಾಗಿಲು ತೆಗೆದರು, ಪ್ರಜ್ಞೆ ಇದೆ, ಬೆವರಿ ನೀರಾಗಿದ್ದಾರೆ, ಆಸ್ಪತ್ರೆಗೆ ಇಳಿಸುತ್ತಿದ್ದಾರೆ. ನೆಲಕ್ಕೆ ಕುಸಿದು ಕೂತಿದ್ದವರು ಮೊದಲು ಆ ಎಡದ ಕೇಬಲ್ ಚುಚ್ಚಿ, ಆಮೇಲೆ ನೀರು ಕೊಡಿ ಎಂದರಂತೆ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ, ಬೇಕಾದಷ್ಟು ಅತ್ತೆ.

ಮೇಕೆ ಮಾವ ತಾವೇ ಫೋನ್ ಮಾಡಿದ್ದು ಸಂಜೆ, ಆಸ್ಪತ್ರೆಯ ಹಾಸಿಗೆಯಿಂದ. ಅವರ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಣಗಿ ಬಿರುಕು ಬಿಟ್ಟಿತ್ತು, ಆದರೂ ತಮಾಷೆ ಬಿಟ್ಟಿರಲಿಲ್ಲ. ಮೇಕೆಯಾದರೆ ಅರಚಿತು, ನನಗೆ ಅರಚುವುದಕ್ಕೂ ಮಂಡಿ ನೋವು ಎಂದರು. ನನಗೆ ನಗು ಬರಲಿಲ್ಲ, ಬೈದೆ. ಎರಡೂ ಕೇಬಲ್ ಒಟ್ಟಿಗೆ ಕಿತ್ತಿದ್ದರೆ ಕೆಳಗಿನ ಹಳ್ಳಿಯವರೇ ಗುಡ್ಡ ಹತ್ತಿ ಬರುತ್ತಿದ್ದರಲ್ಲ, ಇದ್ಯಾಕೆ ಈ ಸರ್ಕಸ್ಸು ಎಂದು ಕೇಳಿದೆ.

“ಯಾರೂ ಬರ್ತಿರಲಿಲ್ಲ ಕಣಮ್ಮ. ನೆಟ್ ಹೋದ್ರೆ ನನಗೆ ಫೋನ್ ಮಾಡ್ತಾರೆ, ಫೋನು ಡಿಕ್ಕಿಲಿ ಹೊಡ್ಕೊಳ್ತಾ ಇರುತ್ತೆ. ಮಾವ ಮೇಲೆ ಹೋಗಿದಾರೆ, ಸರಿಮಾಡ್ತಾರೆ ಅಂತ ಕಾಯ್ತಾ ಕೂರ್ತಾರೆ. ಕೆಳಗೆ ಈ ಆಸ್ಪತ್ರೆ ಬೇರೆ ನನ್ನ ಲೈನ್ ಮೇಲಿದೆ.”

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು.

“ನೀವೇ ಹೇಳಿದ್ರಲ್ಲ, ಬೇರೆಯವರಿಗೆ ಕಾಣೋದಾದ್ರೆ ಬಿಡ್ತೀನಿ ಅಂತ. ಚಿಲಕದ್ದು ನೀವೊಬ್ರೇ ಓದಿದ್ದು. ನಿಮಗೆ ಸಿಟ್ಟು ಬಂದ್ರೆ ಸಾಕು, ಪೂರ್ತಿ ನೋಡ್ತೀರಿ ಅಂತ ಗೊತ್ತಿತ್ತು.”

ಅಷ್ಟರಲ್ಲಿ ಫೋನ್ ಕೈ ಬದಲಾಯಿತು. ಮಗಳು. ಅರ್ಧ ಗುಡ್ಡದಲ್ಲಿ ಕಾಲುದಾರಿ ಜೀಪಿನ ದಾರಿಗೆ ಸೇರುವಲ್ಲಿ ಆ ಜೀಪ್ ಎದುರಾಗಿ, ಹತ್ತಿಸಿಕೊಂಡು ಬಂದರಂತೆ. ದಾರಿಯಲ್ಲಿ ಅಪ್ಪ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದರಂತೆ. ಥ್ಯಾಂಕ್ಸ್ ಅಕ್ಕ ಎಂದಳು, ಆಮೇಲೆ ದನಿ ತಗ್ಗಿಸಿದಳು. ಅವಳು ವ್ಯಂಗ್ಯಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

“ಅಕ್ಕ, ಅಪ್ಪ ಸಿಕ್ಕಿದ್ರು ಅಂತ ಅಲ್ಲಿ ಒಂದು ಸಾಲು ಹಾಕ್ಬಹುದಾ? ಅದು ವಿಷಯಕ್ಕೆ ಸಂಬಂಧ ಇದೆಯಾ?”

“ಇದೆ,” ಎಂದೆ. “ಹಾಕಮ್ಮ. ನಾನು ಇಲ್ಲೇ ಕೂತಿರ್ತೀನಿ.”